ಹತ್ತು ಬೈ ಹತ್ತು ರೂಮು, ಸಾವಿರ ರೂಪಾಯಿ ಬಜೆಟ್: ಕ್ರಿಸ್‌ಮಸ್ ಅಲಂಕಾರಕ್ಕೆ ಐಡಿಯಾ ಕೊಡಿ

ಹತ್ತುಬೈಹತ್ತು (ಬೆಂಗಳೂರು)

ನಮಸ್ಕಾರ ಎಲ್ಲರಿಗೂ. ಲಿಂಗರಾಜಪುರದಲ್ಲಿ ಬಾಡಿಗೆ ರೂಮಿನಲ್ಲಿದ್ದೇನೆ. ಹತ್ತಡಿಗೆ ಹತ್ತಡಿ. ಎರಡು ಸಿಂಗಲ್ ಮಂಚ, ಒಂದು ಕಬ್ಬಿಣದ ಬೀರು, ಒಂದು ಮಡಚುವ ಟೇಬಲ್ಲು. ಇಷ್ಟು ಇಟ್ಟ ಮೇಲೆ ಮಧ್ಯದಲ್ಲಿ ಒಂದು ಚಾಪೆ ಹಾಸುವಷ್ಟು ಜಾಗ ಉಳಿಯುತ್ತದೆ. ಒಂದೇ ಕಿಟಕಿ, ಅದಕ್ಕೆ ಗ್ರಿಲ್ ಇದೆ.

ಈ ಸಲ ಹಬ್ಬಕ್ಕೆ ರಜೆ ಸಿಕ್ಕಿಲ್ಲ, ಊರಿಗೆ (ಬಂಟ್ವಾಳದ ಹತ್ತಿರ) ಹೋಗೋಕಾಗಲ್ಲ. ಹಾಗಾಗಿ ಇಲ್ಲೇ ಏನಾದರೂ ಮಾಡೋಣ ಅಂತ. ರೂಮ್‌ಮೇಟ್ ದಾವಣಗೆರೆಯವಳು, ಅವಳಿಗೂ ಉತ್ಸಾಹ ಇದೆ. ಇಬ್ಬರೂ ಸೇರಿ ಸಾವಿರ ರೂಪಾಯಿ ತೆಗೆದಿಟ್ಟಿದ್ದೇವೆ. ಅದಕ್ಕಿಂತ ಒಂದು ಪೈಸೆ ಜಾಸ್ತಿ ಇಲ್ಲ.

ಓನರ್ ಷರತ್ತು: ಗೋಡೆಗೆ ಮೊಳೆ ಹೊಡೆಯಬಾರದು, ಬಣ್ಣ ಕಿತ್ತು ಬಂದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ತಾರೆ.

ಮೊಬೈಲಿನಲ್ಲಿ ಬರುವ ವಿಡಿಯೋಗಳಲ್ಲಿ ಸಣ್ಣ ಬೆಡ್‌ರೂಮು ಅಂತ ತೋರಿಸೋದು ನಮ್ಮ ಇಡೀ ಮನೆಗಿಂತ ದೊಡ್ಡದಿರುತ್ತದೆ. ಅದು ಬೇಡ. ನಿಜವಾಗಿ ಮಾಡಿದವರು ಹೇಳಿ.

ಖರ್ಚುಲೆಕ್ಕ (ತುಮಕೂರು)

ಸಾವಿರ ರೂಪಾಯಿ ಬಣ್ಣದ ಕಾಗದಕ್ಕೆ ಹಾಕುವ ಬದಲು ಚೆನ್ನಾಗಿ ಊಟ ಮಾಡಿ ತಂಗಿ. ಹದಿನೈದು ದಿನದ ಮೇಲೆ ಎಲ್ಲ ಕಸದ ಗಾಡಿಗೆ ಹೋಗುತ್ತದೆ.

ಕಾಫಿಗಿಡ (ಚಿಕ್ಕಮಗಳೂರು)

ಅಣ್ಣಾ, ದೀಪಾವಳಿಗೆ ಪಟಾಕಿ ಹೊಡೆದಾಗ ಈ ಲೆಕ್ಕ ಎಲ್ಲಿ ಹೋಗಿತ್ತು?

ಖರ್ಚುಲೆಕ್ಕ (ತುಮಕೂರು)

ನಾನು ಪಟಾಕಿನೂ ಹೊಡೆಯಲ್ಲ ಗುರೂ.

ಶಿರ್ವದ ಬಾಯಮ್ಮ (ಉಡುಪಿ ಜಿಲ್ಲೆ)

ಮಗಾ, ಮೊದಲು ಒಂದು ನಿರ್ಧಾರ ಮಾಡು. ಸಣ್ಣ ಕೋಣೆಯಲ್ಲಿ ನಾಲ್ಕು ಗೋಡೆಗೂ ಚೂರು ಚೂರು ಹಾಕಿದರೆ ಅದು ಫ್ಯಾನ್ಸಿ ಅಂಗಡಿ ಹಾಗೆ ಕಾಣುತ್ತದೆ, ಹಬ್ಬದ ಮನೆ ಹಾಗೆ ಅಲ್ಲ. ಒಂದು ಕಡೆ ಹಿಡಿ. ನಿನಗೆ ಇರುವುದು ಒಂದು ಕಿಟಕಿ. ಅಲ್ಲೇ ಎಲ್ಲ ಮಾಡು. ನಕ್ಷತ್ರ ಕಿಟಕಿಯಲ್ಲಿ, ಗೋದಲಿ (ಯೇಸು ಹುಟ್ಟಿದ ದನದ ಕೊಟ್ಟಿಗೆಯ ಬೊಂಬೆ ದೃಶ್ಯ) ಕಿಟಕಿಯ ಕಟ್ಟೆಯ ಮೇಲೆ, ಲೈಟು ಗ್ರಿಲ್ಲಿಗೆ. ಉಳಿದ ಮೂರು ಗೋಡೆ ಖಾಲಿ ಬಿಡು. ರಾತ್ರಿ ಟ್ಯೂಬ್‌ಲೈಟ್ ಆರಿಸಿದರೆ ಉಳಿದ ಗೋಡೆ ಕಾಣುವುದೇ ಇಲ್ಲ ಅಲ್ವಾ?

ಗ್ರಿಲ್ ಉಂಟಲ್ಲ, ಮೊಳೆ ಎಂತಕ್ಕೆ? ನೂಲಿನಲ್ಲಿ ಕಟ್ಟಿದರೆ ಆಯಿತು.

ನೆಲಕ್ಕೆ ಏನೂ ಇಡಬೇಡ. ಚಾಪೆಯಷ್ಟು ಜಾಗದಲ್ಲಿ ಪ್ಲಾಸ್ಟಿಕ್ ಮರ ಇಟ್ಟರೆ ರಾತ್ರಿ ಬಾತ್‌ರೂಮಿಗೆ ಹೋಗುವಾಗ ಅದನ್ನು ಅಪ್ಪಿಕೊಂಡು ಬೀಳ್ತೀರಿ.

ಕಾಫಿಗಿಡ (ಚಿಕ್ಕಮಗಳೂರು)

ಬಾಯಮ್ಮಾ, ಮರ ಇಲ್ಲದೆ ಕ್ರಿಸ್‌ಮಸ್ಸಾ? ಒಪ್ಪಲ್ಲ ನಾನು. ಪ್ಲಾಸ್ಟಿಕ್ ಬೇಡ, ಸರಿ. ಒಣಗಿದ ಒಂದು ಕೊಂಬೆ ಸಾಕು. ನಮ್ಮ ಕಡೆ ತೋಟದಲ್ಲಿ ಸಿಲ್ವರ್ ಓಕ್ ಕೊಂಬೆ ಬೇಕಾದಷ್ಟು ಬಿದ್ದಿರುತ್ತದೆ. ಬೆಂಗಳೂರಿನಲ್ಲೂ ರಸ್ತೆ ಬದಿ ಮರ ಕಡಿದು ಹಾಕಿದ ಜಾಗದಲ್ಲಿ ಒಂದು ಕೊಂಬೆ ಸಿಗದೇ ಇರಲ್ಲ. ಎಲೆ ಉದುರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ದಿನ ಬಿಸಿಲಿಗೆ ಹಾಕಿ. ಇರುವೆ ಗೂಡು ಇದೆಯಾ ಅಂತ ನೋಡಿ ಒಳಗೆ ತನ್ನಿ. ಸುಣ್ಣದ ನೀರು ಬಳಿದರೆ ಬೆಳ್ಳಗೆ ಹಿಮ ಬಿದ್ದ ಹಾಗೆ ಕಾಣುತ್ತದೆ. ಒಂದು ಕೋಟಿಂಗ್ ಒಣಗಿದ ಮೇಲೆ ಇನ್ನೊಂದು ಬಳಿಯಬೇಕು. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಸೇರಿಸಿ, ಇಲ್ಲದಿದ್ದರೆ ಹಾಸಿಗೆ ಮೇಲೆಲ್ಲ ಪುಡಿ ಉದುರುತ್ತದೆ.

ನಿಲ್ಲಿಸೋದು ಬೇಡ, ಅಡ್ಡಕ್ಕೆ ನೇತುಹಾಕಿ. ಕರ್ಟನ್ ರಾಡಿನಿಂದ ಎರಡು ದಾರ ಇಳಿಸಿದರೆ ಕೊಂಬೆ ಕಿಟಕಿ ಮೇಲೆ ತೂಗುತ್ತದೆ. ಅದಕ್ಕೆ ನಾಲ್ಕು ಕೆಂಪು ಚೆಂಡು. ಮುಗೀತು.

ಶಿರ್ವದ ಬಾಯಮ್ಮ (ಉಡುಪಿ ಜಿಲ್ಲೆ)

ಅಡ್ಡ ಕೊಂಬೆ ಆಗಬಹುದು. ಅದಕ್ಕೆ ನನ್ನ ವಿರೋಧ ಇಲ್ಲ. ನಮ್ಮಲ್ಲಿ ಗಾಳಿಮರದ ಗೆಲ್ಲು ತಂದು ಮರ ಮಾಡುತ್ತಿದ್ದೆವು. ನೋಡಲಿಕ್ಕೆ ಚಂದ, ಆದರೆ ಒಣಗಿದ ಮೇಲೆ ಅದರ ಸೂಜಿ ಉದುರುವುದು ಉಂಟಲ್ಲ, ಈಸ್ಟರ್‌ವರೆಗೂ ಗುಡಿಸಬೇಕು. ಮಲಗುವ ಕೋಣೆಗೆ ಅದು ಬೇಡವೇ ಬೇಡ.

ವೈರ್‌ಮನ್ (ಹಾಸನ)

ಲೈಟಿನ ವಿಷಯ ನಾನು ಹೇಳುತ್ತೇನೆ. ಇದರಲ್ಲಿ ಜನ ಎಡವುವುದು ಜಾಸ್ತಿ.

ಎಲ್‌ಇಡಿ ಸೀರಿಯಲ್ ಸೆಟ್ ಮಾತ್ರ ತಗೊಳ್ಳಿ. ಮನೆಯಲ್ಲಿ ಹಳೇ ಅಕ್ಕಿಕಾಳು ಬಲ್ಬಿನ ಸೆಟ್ ಇದ್ದರೆ ಅದನ್ನು ಬೆಡ್‌ರೂಮಿಗೆ ತರಬೇಡಿ. ಆ ಬಲ್ಬು ಬಿಸಿಯಾಗುತ್ತದೆ, ಕರ್ಟನ್, ಕಾಗದ ಎಲ್ಲ ಹತ್ತಿರವೇ ಇರುತ್ತದೆ. ಪ್ಯಾಕೆಟ್ ಮೇಲೆ ವ್ಯಾಟ್ ಬರೆದಿರುತ್ತಾರೆ, ಓದಿ. 6 ವ್ಯಾಟ್ ಸೆಟ್ಟು ಅಂದುಕೊಳ್ಳಿ. ದಿನಕ್ಕೆ 5 ಗಂಟೆ ಉರಿಸಿದರೂ 30 ದಿನಕ್ಕೆ 900 ವ್ಯಾಟ್ ಅವರ್. ಒಂದು ಯೂನಿಟ್ಟೂ ಆಗಲಿಲ್ಲ. 1500 ವ್ಯಾಟಿನ ಗೀಸರ್ 40 ನಿಮಿಷ ಹಾಕಿದರೆ ಒಂದು ಯೂನಿಟ್ ಹೋಗುತ್ತದೆ. ಹಾಗಾಗಿ ಕರೆಂಟ್ ಬಿಲ್ಲಿನ ಚಿಂತೆ ಬಿಡಿ, ಓನರಿಗೂ ಈ ಲೆಕ್ಕ ತೋರಿಸಿ.

ಬಣ್ಣದ ಸೆಟ್ ಬೇಡ, ವಾರ್ಮ್ ವೈಟ್ ಅಂತ ಕೇಳಿ ತಗೊಳ್ಳಿ. ಎಣ್ಣೆ ದೀಪದ ಥರ ಹಳದಿ ಬೆಳಕು ಕೊಡುತ್ತದೆ. ಬಣ್ಣ ಬಣ್ಣದ್ದು ಸಣ್ಣ ರೂಮಿನಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ಸಮಾಚಾರ. ಈ ಸೆಟ್ಟುಗಳಲ್ಲಿ ಒಂದು ಸಣ್ಣ ಡಬ್ಬಿ, ಅದರ ಮೇಲೆ ಒಂದು ಬಟನ್ ಇರುತ್ತದೆ. ಸಾಮಾನ್ಯವಾಗಿ ಎಂಟು ಮೋಡು. ಸ್ವಿಚ್ ಹಾಕಿದ ತಕ್ಷಣ ಮಿಣಮಿಣ ಕುಣಿಯೋಕೆ ಶುರು ಮಾಡುತ್ತದೆ. ಏಳು ಸಲ ಒತ್ತಿ, ಎಂಟನೆಯದು ಹೆಚ್ಚಿನ ಸೆಟ್ಟಿನಲ್ಲಿ ಸ್ಥಿರವಾಗಿ ಉರಿಯುವುದು. ಅಗ್ಗದ ಸೆಟ್ಟಿಗೆ ನೆನಪಿನ ಶಕ್ತಿ ಇಲ್ಲ, ಪ್ರತಿ ಸಲ ಆಫ್ ಮಾಡಿ ಆನ್ ಮಾಡಿದಾಗ ಮತ್ತೆ ಒತ್ತಬೇಕು. ರೂಮ್‌ಮೇಟ್ ಮಲಗಿದ ಮೇಲೆ ಕುಣಿಯುವ ಲೈಟು ಹಾಕಿದರೆ ಹಬ್ಬಕ್ಕೆ ಮುಂಚೆ ಜಗಳ ಗ್ಯಾರಂಟಿ.

ಸೊಳ್ಳೆ ಪರದೆಗೆ ಲೈಟು ಸುತ್ತಬೇಡಿ. ದಿಂಬಿನ ಕೆಳಗೆ, ಹಾಸಿಗೆ ಮಧ್ಯೆ ವೈರು ಹಾಯಿಸಬೇಡಿ. ವೈರು ಬಾಗಿಲ ಸಂದಿಯಲ್ಲಿ ಸಿಕ್ಕಿಕೊಳ್ಳಬಾರದು. ಮಲಗುವಾಗ ಸ್ವಿಚ್ ಆಫ್. ಮೇಣದ ಬತ್ತಿ ಈ ಅಳತೆಯ ರೂಮಿನಲ್ಲಿ ಹಚ್ಚಲೇಬೇಡಿ.

ಹತ್ತುಬೈಹತ್ತು (ಬೆಂಗಳೂರು)

ವೈರ್‌ಮನ್ ಸರ್, ತುಂಬಾ ಥ್ಯಾಂಕ್ಸ್. ಏಳು ಸಲ ಒತ್ತುವ ವಿಷಯ ಯಾರೂ ಹೇಳಿರಲಿಲ್ಲ! ಬೀರುವಿಗೆ ಲೈಟು ಹಾಕಬಹುದಾ? ಅದು ಕಿಟಕಿ ಪಕ್ಕದಲ್ಲೇ ಇದೆ. ಗೋಡೆ ಮುಟ್ಟುವ ಹಾಗಿಲ್ಲ, ಬೀರು ನಮ್ಮದೇ.

ವೈರ್‌ಮನ್ (ಹಾಸನ)

ಭರ್ಜರಿಯಾಗಿ ಹಾಕಬಹುದು ತಂಗಿ. ಕಬ್ಬಿಣದ ಬೀರು ತಾನೇ? ಮ್ಯಾಗ್ನೆಟ್ ತಗೊಳ್ಳಿ. ಸಣ್ಣ ಗುಂಡು ಮ್ಯಾಗ್ನೆಟ್ ಹನ್ನೆರಡು ಇದ್ದರೆ ಬೀರುವಿನ ಬಾಗಿಲ ಮೇಲೆ ಲೈಟಿನಲ್ಲೇ ಮರದ ಆಕಾರ ಬರೆಯಬಹುದು. ಮೇಲಿನ ತುದಿಗೆ ಒಂದು ಮ್ಯಾಗ್ನೆಟ್, ಅಲ್ಲಿಂದ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಕೆಳಗೆ ಬರುತ್ತಾ ಅಗಲ ಮಾಡುತ್ತಾ ಹೋಗಿ. ತಿರುವಿಗೆ ಒಂದೊಂದು ಮ್ಯಾಗ್ನೆಟ್ ಹಾಕಿ. ವೈರನ್ನು ಬಿಗಿಯಾಗಿ ಎಳೆಯಬೇಡಿ, ಸ್ವಲ್ಪ ಜೋತು ಬಿದ್ದರೇ ಮರದ ಥರ ಕಾಣುತ್ತದೆ.

ಎರಡು ಬಾಗಿಲಿಗೂ ಸೇರಿಸಿ ಮಾಡಬೇಡಿ, ಆಮೇಲೆ ಬಟ್ಟೆ ತೆಗೆಯೋಕೆ ದಿನಾ ಮರ ಬಿಚ್ಚಬೇಕು. ಕಮ್ಮಿ ತೆಗೆಯುವ ಬಾಗಿಲಿಗೆ ಮಾತ್ರ. ಹಿಂಜಿನ ಹತ್ತಿರ ವೈರು ಒಂದು ಗೇಣು ಸಡಿಲ ಬಿಡಿ. ವೈರಿಗೆ ಎಲ್ಲಾದರೂ ಸಿಪ್ಪೆ ಸುಲಿದಿದೆಯಾ ಅಂತ ಮೊದಲೇ ಬೆರಳಾಡಿಸದೆ ಕಣ್ಣಲ್ಲೇ ನೋಡಿ. ಕಬ್ಬಿಣದ ಮೇಲೆ ಹಾಕುತ್ತಿದ್ದೀರಿ, ಹುಷಾರು. ಬ್ಯಾಟರಿಯದ್ದೋ ಯುಎಸ್‌ಬಿಯದ್ದೋ ಸೆಟ್ ಸಿಕ್ಕರೆ ಬೀರುವಿಗೆ ಅದೇ ಒಳ್ಳೇದು, ಕಮ್ಮಿ ವೋಲ್ಟ್, ಶಾಕ್ ಹೊಡೆಯುವ ಮಾತೇ ಇಲ್ಲ. ಯುಎಸ್‌ಬಿಯದ್ದು 5 ವೋಲ್ಟ್, ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದರೆ ಆಯ್ತು.

ಕಾಫಿಗಿಡ (ಚಿಕ್ಕಮಗಳೂರು)

ಸೋತೆ. ಕೊಂಬೆಗಿಂತ ಇದೇ ಚೆನ್ನಾಗಿದೆ.

ಓನರ್ ಅಂಕಲ್ (ಬೆಂಗಳೂರು)

ನಾನು ಆ ಓನರ್ ಅಲ್ಲ, ಆದರೆ ನನಗೂ ಮೂರು ಬಾಡಿಗೆ ಮನೆ ಇದೆ. ಎಲ್ಲರೂ ಓನರನ್ನು ಬೈತೀರಿ, ನಮ್ಮ ಕಷ್ಟವನ್ನೂ ಕೇಳಿ. ಡಬಲ್ ಸೈಡ್ ಟೇಪ್ ಹಾಕಿ ಕಿತ್ತರೆ ಬರೀ ಬಣ್ಣ ಬರಲ್ಲ, ಪುಟ್ಟಿ ಸಮೇತ ಬರುತ್ತದೆ. ಆ ಅಂಗೈ ಅಗಲದ ಜಾಗಕ್ಕೆ ಮಾತ್ರ ಬಣ್ಣ ಹಚ್ಚಿದರೆ ಶೇಡು ಹೊಂದಲ್ಲ, ಇಡೀ ಗೋಡೆ ಹೊಡೆಸಬೇಕು.

ಗೋಡೆಗೆ ಯಾವ ಬಣ್ಣ ಇದೆ ನೋಡಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಅದು ಡಿಸ್ಟೆಂಪರ್, ಅದಕ್ಕೆ ಯಾವ ಟೇಪೂ, ಯಾವ ಅಂಟು ಹುಕ್ಕೂ ಬೇಡ. ಹತ್ತದಿದ್ದರೆ ಎಮಲ್ಷನ್ ಇರಬಹುದು, ಪೇಂಟರುಗಳು ಹಾಕುವ ಮಾಸ್ಕಿಂಗ್ ಟೇಪ್ ಸ್ವಲ್ಪ ದಿನ ತಡೆಯುತ್ತದೆ. ತೆಗೆಯುವಾಗ ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಗೋಡೆಗೆ ಒರಗಿಸಿ ನಿಧಾನವಾಗಿ ಎಳೆಯಿರಿ. ಜೇಡಿಮಣ್ಣಿನ ಥರ ಮೆತ್ತಗಿರುವ ಅಂಟು ಅಂಗಡಿಯಲ್ಲಿ ಬರುತ್ತದಲ್ಲ, ಅದು ಬೇಡ, ಎಣ್ಣೆ ಕಲೆ ಬಿಡುತ್ತದೆ.

ಬಾಗಿಲು, ಕಿಟಕಿಯ ಚೌಕಟ್ಟಿಗೆ ಆಯಿಲ್ ಪೇಂಟ್ ಇರುತ್ತದೆ. ಅಲ್ಲಿ ಟೇಪ್ ಹಾಕಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹಳೇ ಕ್ಯಾಲೆಂಡರ್ ಮೊಳೆ ಇದ್ದರೆ ಅದನ್ನೇ ಉಪಯೋಗಿಸಿ, ಅದಕ್ಕೆ ಯಾರೂ ದುಡ್ಡು ಮುರಿಯಲ್ಲ.

ಶಿರ್ವದ ಬಾಯಮ್ಮ (ಉಡುಪಿ ಜಿಲ್ಲೆ)

ಓನರ್ ಅಂಕಲ್ ಒಳ್ಳೆಯ ಜನ ಕಾಣುತ್ತೀರಿ. ನಿಮ್ಮ ಮನೆ ಖಾಲಿ ಇದ್ದರೆ ಈ ಹುಡುಗಿಗೆ ಕೊಡಿ ಮಾರಾಯ್ರೆ.

ಈಗ ನಕ್ಷತ್ರ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ನಕ್ಷತ್ರಕ್ಕೇ ಬಜೆಟಿನ ಕಾಲು ಭಾಗ ಹೋದೀತು. ಮನೆಯಲ್ಲೇ ಕಟ್ಟು. ನಮ್ಮಲ್ಲಿ ಬಿದಿರು ಸೀಳಿ ಮಾಡುತ್ತಾರೆ. ಕಿಟಕಿಯ ಅಳತೆಗೆ ಹಿಡಿಸೂಡಿ ಕಡ್ಡಿ ಸಾಕು. ನಿಮ್ಮ ಬೆಂಗಳೂರಿನಲ್ಲಿ ಕಡ್ಡಿ ಪೊರಕೆ ಅಂತೀರಲ್ಲ, ಅದೇ. ಬುಡದ ಕಡೆಯ ದಪ್ಪ ಭಾಗ ತೆಗೆದುಕೋ, ಎರಡೆರಡು ಸೇರಿಸಿ ನೂಲು ಸುತ್ತಿದರೆ ಬಲ ಬರುತ್ತದೆ.

ಒಂದೇ ಅಳತೆಯ ಐದು ಕಡ್ಡಿ. ಪೆನ್ನು ಎತ್ತದೆ ಮಕ್ಕಳು ಐದು ಮೂಲೆಯ ನಕ್ಷತ್ರ ಬರೆಯುತ್ತಾರಲ್ಲ, ಹಾಗೆ ಒಂದರ ಮೇಲೊಂದು ಇಟ್ಟು ತುದಿಗಳನ್ನು ಕಟ್ಟು. ಇಂಥದ್ದೇ ಇನ್ನೊಂದು ಮಾಡು. ಎರಡನ್ನೂ ಮುಖಾಮುಖಿ ಇಟ್ಟು ಐದು ತುದಿಯಲ್ಲಿ ಮಾತ್ರ ಸೇರಿಸಿ ಕಟ್ಟು. ಈಗ ಮಧ್ಯದಲ್ಲಿ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗ ಉಂಟು. ಅಲ್ಲಿ ಒಂದೊಂದು ಮೂರಿಂಚಿನ ತುಂಡು ಕಡ್ಡಿ ಎರಡು ನಕ್ಷತ್ರದ ನಡುವೆ ನಿಲ್ಲಿಸಿ ಕಟ್ಟು. ಚಪ್ಪಟೆ ಇದ್ದದ್ದು ಹೊಟ್ಟೆ ಬಂದು ಉಬ್ಬುತ್ತದೆ. ಇಡೀ ಕೆಲಸದಲ್ಲಿ ನನಗೆ ಅದನ್ನು ನೋಡುವುದೇ ಖುಷಿ.

ಮೇಲೆ ಗಾಳಿಪಟದ ಕಾಗದ ಅಂಟಿಸು. ಬಿಳಿ ಅಥವಾ ಹಳದಿ ಹಾಕು, ಕಡು ಕೆಂಪು ಹಾಕಿದರೆ ಬೆಳಕು ಹೊರಗೆ ಬರುವುದಿಲ್ಲ. ನಾವು ಮೈದಾ ಕುದಿಸಿ ಅಂಟು ಮಾಡುತ್ತಿದ್ದೆವು. ಬಾಡಿಗೆ ಕೋಣೆಯಲ್ಲಿ ಜಿರಳೆ ಇದ್ದರೆ ಅದು ಬೇಡ, ರಾತ್ರಿ ಬಂದು ತಿಂದು ಹೋಗುತ್ತವೆ. ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ ಹಚ್ಚು. ಹಿಂದಿನ ಒಂದು ಭಾಗಕ್ಕೆ ಕಾಗದ ಹಾಕಬೇಡ, ಬಲ್ಬು ಒಳಗೆ ಹೋಗಲು ಅದೇ ದಾರಿ.

ವೈರ್‌ಮನ್ (ಹಾಸನ)

ಒಳಗೆ ಹಾಕುವುದು ಎಲ್‌ಇಡಿ ನೈಟ್ ಬಲ್ಬ್. ಅರ್ಧ ವ್ಯಾಟೋ ಒಂದು ವ್ಯಾಟೋ ಸಾಕು. ಬಲ್ಬು ಕಾಗದಕ್ಕೆ ತಾಗದೆ ನಡುವೆ ನೇತಾಡಬೇಕು. ಭಾರ ಹೋಲ್ಡರಿನ ವೈರಿನ ಮೇಲೆ ಬೀಳಬಾರದು, ನಕ್ಷತ್ರಕ್ಕೆ ಬೇರೆ ದಾರ ಕಟ್ಟಿ.

ಎಲ್ಬೆ ತೀರ (ಡ್ರೆಸ್ಡನ್, ಜರ್ಮನಿ)

ಮೂಲ ಸಾಗರದವನು, ಈಗ ಓದಿಗೆ ಇಲ್ಲಿದ್ದೇನೆ. ನನ್ನ ರೂಮು ನಿಮ್ಮದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬಾಯಮ್ಮ ಹೇಳಿದ ಕಿಟಕಿ ಸೂತ್ರವನ್ನೇ ಇಲ್ಲಿ ಇಡೀ ಊರು ಪಾಲಿಸುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಪಕ್ಕದ ಎರ್ಟ್ಸ್ ಬೆಟ್ಟದ ಗಣಿ ಊರುಗಳಿಂದ ಬಂದ ಪದ್ಧತಿ ಒಂದಿದೆ. ಕಮಾನಿನ ಆಕಾರದ ಮರದ ದೀಪವನ್ನು ಕಿಟಕಿಯಲ್ಲಿ ಇಡುತ್ತಾರೆ. ಬೀದಿಯಲ್ಲಿ ನಡೆದರೆ ಒಂದೊಂದು ಕಿಟಕಿಯಲ್ಲೂ ಒಂದು ಕಮಾನು. ಇಲ್ಲಿಂದ ಪೂರ್ವಕ್ಕಿರುವ ಹೆರ್ನ್‌ಹೂಟ್ ಅನ್ನೋ ಊರಿನ ಕಾಗದದ ನಕ್ಷತ್ರ ಇನ್ನೂ ಪ್ರಸಿದ್ಧ, ಮೈತುಂಬ ಮುಳ್ಳಿನಂಥ ಮೂಲೆಗಳು. ಕೊಳ್ಳೋಕೆ ಹೋದರೆ ನನ್ನಂಥವನ ಜೇಬಿಗೆ ಭಾರ.

ನಾನು ಮಾಡುವುದು ಪುಕ್ಕಟೆ ನಕ್ಷತ್ರ. ಇಲ್ಲಿನ ಮಕ್ಕಳೂ ಮಾಡುತ್ತಾರೆ. ತೆಳು ಬಣ್ಣದ ಕಾಗದದ ಎಂಟು ಚೌಕ ಬೇಕು, ಒಂದೊಂದೂ ನಾಲ್ಕಿಂಚು. ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ಬಿಡಿಸಿ. ಈಗ ಮಧ್ಯದಲ್ಲಿ ಒಂದು ಗೆರೆ ಬಂತಲ್ಲ? ಒಂದು ಮೂಲೆಯ ಎರಡೂ ಅಂಚನ್ನು ಆ ಗೆರೆಗೆ ಮಡಚಿ. ಗಾಳಿಪಟದ ಆಕಾರ ಬರುತ್ತದೆ. ಎಂಟನ್ನೂ ಹೀಗೇ ಮಡಚಿ. ಚೂಪು ತುದಿ ಹೊರಗೆ, ಅಗಲ ಮೂಲೆ ನಡುವಿಗೆ. ಎರಡನೆಯದರ ಅಂಚು ಮೊದಲನೆಯದರ ಮಧ್ಯದ ಗೆರೆಗೆ ಕೂರುವ ಹಾಗೆ ಅಂಟಿಸುತ್ತಾ ಹೋಗಿ. ಎಂಟನೆಯದರ ಅರ್ಧ ಮೊದಲನೆಯದರ ಕೆಳಗೆ ಹೋಗುತ್ತದೆ.

ಕೈಯಲ್ಲಿ ಹಿಡಿದರೆ ಬರೀ ಕಾಗದ. ಗಾಜಿಗೆ ಅಂಟಿಸಿ ಹಿಂದಿನಿಂದ ಬೆಳಕು ಬಿದ್ದಾಗ ನೋಡಿ. ಎರಡು ಪದರ ಇರುವಲ್ಲಿ ಒಂದು ಬಣ್ಣ, ಮೂರು ನಾಲ್ಕು ಪದರ ಇರುವಲ್ಲಿ ಅದೇ ಬಣ್ಣದ ಗಾಢ ಛಾಯೆ. ನಕ್ಷತ್ರದೊಳಗೆ ಇನ್ನೊಂದು ನಕ್ಷತ್ರ ಎದ್ದು ಬರುತ್ತದೆ. ಹಗಲು ಬಿಸಿಲಲ್ಲಿ ರೂಮಿನ ಒಳಗಿನವರಿಗೆ, ರಾತ್ರಿ ಲೈಟು ಹಾಕಿದಾಗ ಬೀದಿಯವರಿಗೆ.

ಗಾಜಿಗೆ ಅಂಟಿಸೋಕೆ ಟೇಪ್ ಬೇಡ. ಅನ್ನದ ಗಂಜಿ ತಿಳಿ ಬೆರಳಲ್ಲಿ ಹಚ್ಚಿ ಒತ್ತಿ. ಹಬ್ಬ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯ್ತು.

ಗೊಂಬೆಮನೆ (ಮೈಸೂರು)

ಖರ್ಚು ಉಳಿಸೋಕೆ ನಮ್ಮ ವಠಾರದಲ್ಲಿ ಒಂದು ಉಪಾಯ ಇದೆ. ನಮ್ಮ ಮನೆಯ ದಸರಾ ಗೊಂಬೆಯ ಮೆಟ್ಟಿಲು ಹಲಗೆ ಡಿಸೆಂಬರಿನಲ್ಲಿ ಪಕ್ಕದ ಮನೆ ಆಂಟಿಯ ಗೋದಲಿಗೆ ಹೋಗುತ್ತದೆ. ಅವರ ಸೀರಿಯಲ್ ಸೆಟ್ಟು ದೀಪಾವಳಿಗೆ ನಮ್ಮ ಮನೆಗೆ ಬರುತ್ತದೆ. ನಮ್ಮ ಸೆಟ್ಟಿನಲ್ಲಿದ್ದ ಮಣ್ಣಿನ ಹಸು, ಕುರಿ ಎಲ್ಲ ಅವರ ಗೋದಲಿಯಲ್ಲಿ ಮೇಯುತ್ತಿರುತ್ತವೆ.

ಹೊಸದು ಕೊಳ್ಳುವ ಮುಂಚೆ ಆಫೀಸಿನಲ್ಲಿ, ಅಕ್ಕಪಕ್ಕದಲ್ಲಿ ಕೇಳಿ. ದೀಪಾವಳಿ ಲೈಟು ಎಲ್ಲರ ಮನೆ ಅಟ್ಟದಲ್ಲೂ ಸುಮ್ನೆ ಬಿದ್ದಿರುತ್ತದೆ.

ಹಾಸಿಗೆಗೂ ಹೊಸ ಬೆಡ್‌ಶೀಟ್ ಬೇಡ. ಇರೋ ಬಿಳಿ ಅಥವಾ ತಿಳಿ ಬಣ್ಣದ್ದನ್ನು ಹಾಸಿ, ಕಾಲ ಕಡೆ ಅಡ್ಡಕ್ಕೆ ಒಂದು ಕೆಂಪು ಬಟ್ಟೆ ಮಡಚಿ ಹಾಕಿ. ರೂಮ್‌ಮೇಟ್ ದಾವಣಗೆರೆಯವರು ಅಂದ್ರಲ್ಲ, ಮನೆಯಲ್ಲಿ ಅಮ್ಮನ ಹಳೇ ಇಳಕಲ್ ಸೀರೆ ಇಲ್ಲದೇ ಇರುತ್ತಾ? ಅದರ ಕೆಂಪು ಸೆರಗು ಒಂದೇ ಸಾಕು.

ಹತ್ತುಬೈಹತ್ತು (ಬೆಂಗಳೂರು)

ರೂಮ್‌ಮೇಟ್ ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದಳು. "ಸೀರೆ ಕಳಿಸ್ತೀನಿ, ಕತ್ತರಿ ಹಾಕಿದ್ರೆ ನೋಡು" ಅಂದರಂತೆ.

ಒಂದು ಪ್ರಶ್ನೆ. ಗೋದಲಿಯನ್ನು ಮಲಗುವ ಕೋಣೆಯಲ್ಲಿ ಇಡಬಹುದಾ? ನಮ್ಮ ಅಜ್ಜಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಊರಲ್ಲಿ ಅಲ್ತಾರಿನ (ದೇವರ ಪೀಠದ) ಹತ್ತಿರವೋ ಅಂಗಳದಲ್ಲೋ ಇರುತ್ತದೆ.

ಶಿರ್ವದ ಬಾಯಮ್ಮ (ಉಡುಪಿ ಜಿಲ್ಲೆ)

ಯೇಸು ಹುಟ್ಟಿದ್ದು ಹಟ್ಟಿಯಲ್ಲಿ ಮಗಾ. ಬೆಡ್‌ರೂಮ್ ಅಂದರೆ ಬಡ್ತಿ ಸಿಕ್ಕಿದ ಹಾಗೆ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಸಣ್ಣ ಊರಿನಲ್ಲಿ ಸಂತ ಫ್ರಾನ್ಸಿಸರು ಗೋದಲಿ ಮಾಡಿದಾಗ ಇದ್ದದ್ದು ಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ನಿನ್ನ ಬಜೆಟಿಗಿಂತ ಜಾಸ್ತಿ ಏನಲ್ಲ.

ಶೂ ಡಬ್ಬ ಅಡ್ಡ ಮಲಗಿಸು. ಒಳಗೆ ಕಂದು ಕಾಗದ ಮುದ್ದೆ ಮಾಡಿ ಬಿಡಿಸಿ ಅಂಟಿಸಿದರೆ ಗುಹೆ. ಬೈಹುಲ್ಲು ಬೆಂಗಳೂರಿನಲ್ಲಿ ಹಣ್ಣಿನ ಅಂಗಡಿಯವನ ಬುಟ್ಟಿಯಲ್ಲಿ ಸಿಗುತ್ತದೆ, ಕೇಳಿದರೆ ಸುಮ್ಮನೆ ಕೊಡುತ್ತಾನೆ. ಮುಖ್ಯವಾದದ್ದು ಹಸಿರು. ನಮ್ಮಲ್ಲಿ ಭತ್ತ ಹಾಕುತ್ತೇವೆ, ನೀನು ರಾಗಿ ಹಾಕು. ಹಿಟ್ಟಲ್ಲ, ಕಾಳು. ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿಡು. ಬಿಳಿ ಮೊಳಕೆ ಕಂಡ ಕೂಡಲೇ ತಟ್ಟೆಯಲ್ಲಿ ಒಂದಿಂಚು ಮಣ್ಣು ಹರಡಿ ಒತ್ತೊತ್ತಾಗಿ ಚೆಲ್ಲು. ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಎರಡು ದಿನ ಬಿಡು. ಆಮೇಲೆ ಬೆಳಕಿಗೆ ಇಡು. ನೀರು ಸುರಿಯಬೇಡ, ಕೈಯಲ್ಲಿ ಚಿಮುಕಿಸು. ಬೆಂಗಳೂರಿನ ಚಳಿಗೆ ನಿಧಾನ ಆಗುತ್ತದೆ, 12, 13ನೇ ತಾರೀಕಿಗೇ ಹಾಕಿಬಿಡು. ಹಬ್ಬದ ಹೊತ್ತಿಗೆ ಬೆರಳುದ್ದ ಬಂದರೆ ಕತ್ತರಿಯಲ್ಲಿ ಸಮ ಮಾಡಬಹುದು.

ಬಾಲಯೇಸುವನ್ನು ಮಾತ್ರ 24ರ ರಾತ್ರಿ ಇಡು. ಅಲ್ಲಿಯವರೆಗೆ ತೊಟ್ಟಿ ಖಾಲಿ ಇರಲಿ.

ಬಳ್ಳಾರಿ ಬಿಸಿಲು (ಹಾಸ್ಟೆಲ್, ಧಾರವಾಡ)

ನಮ್ಮದು ಹಾಸ್ಟೆಲ್ ರೀ, ಒಂದು ರೂಮಿಗೆ ನಾಲ್ಕು ಜನ, ಎರಡಂತಸ್ತಿನ ಮಂಚ. ಇದನ್ನೆಲ್ಲ ಓದಿ ನಮಗೂ ಹುರುಪು ಬಂತು. ಸೀಲಿಂಗಿನಿಂದ ಬಣ್ಣದ ಕಾಗದದ ಸರ ಅಡ್ಡಡ್ಡ ಕಟ್ಟೋಣ ಅಂತ ನೋಡ್ತಿದ್ದೀವಿ, ಫ್ಯಾನಿನ ರಾಡಿಗೆ ಸಿಕ್ಕಿಸಿ.

ವೈರ್‌ಮನ್ (ಹಾಸನ)

ಫ್ಯಾನಿಗೆ ಏನೂ ಕಟ್ಟಬೇಡ ತಮ್ಮಾ! ಚಳಿ ಅಂತ ಫ್ಯಾನ್ ಹಾಕಲ್ಲ ಅಂತೀಯ, ಮಧ್ಯಾಹ್ನ ಯಾರೋ ಬಂದು ಅಭ್ಯಾಸಬಲದಿಂದ ಸ್ವಿಚ್ ಒತ್ತುತ್ತಾರೆ. ಎರಡಂತಸ್ತಿನ ಮಂಚ ಇದ್ದರೆ ಮೇಲಿನ ಮಂಚದ ಪಟ್ಟಿಗೆ ಕೆಳಮುಖವಾಗಿ ಬ್ಯಾಟರಿ ಲೈಟು ಕಟ್ಟು. ಕೆಳಗೆ ಮಲಗಿದವನಿಗೆ ಅದೇ ಆಕಾಶ. ವಾರ್ಡನ್ ಪರ್ಮಿಷನ್ ಮೊದಲು.

ಖರ್ಚುಲೆಕ್ಕ (ತುಮಕೂರು)

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು. ಎಲ್ಲಿ ಕೊಳ್ತೀರಿ ಅನ್ನೋದೂ ಮುಖ್ಯ. ಮಾಲ್‌ಗೆ ಹೋಗಬೇಡಿ. ಲೈಟು, ಹೋಲ್ಡರು, ಬಲ್ಬು ಎಸ್‌.ಪಿ. ರೋಡಿನಲ್ಲಿ. ಕಾಗದ, ಅಂಟು ಅವೆನ್ಯೂ ರೋಡ್ ಕಡೆ. ಎರಡೂ ಚಿಕ್ಕಪೇಟೆ ಮೆಟ್ರೊದಿಂದ ನಡೆಯುವಷ್ಟು ದೂರ. ಚೆಂಡು, ರಿಬ್ಬನ್ನು ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಸುತ್ತ ತಳ್ಳುಗಾಡಿಯವರ ಹತ್ತಿರ. ಭಾನುವಾರ ಹೋದರೆ ಚಿಕ್ಕಪೇಟೆ ಕಡೆ ಎಷ್ಟೋ ಅಂಗಡಿ ಮುಚ್ಚಿರುತ್ತದೆ. ಲೈಟನ್ನು ಅಂಗಡಿಯಲ್ಲೇ ಉರಿಸಿ ನೋಡಿ ತಗೊಳ್ಳಿ, ಮನೆಗೆ ತಂದ ಮೇಲೆ ವಾಪಸ್ ಇಲ್ಲ.

ಕಾಫಿಗಿಡ (ಚಿಕ್ಕಮಗಳೂರು)

ಅಲಂಕಾರ ದಂಡ ಅಂದವರು ಈಗ ಅಂಗಡಿ ದಾರಿ ತೋರಿಸ್ತಿದ್ದಾರೆ!

ಖರ್ಚುಲೆಕ್ಕ (ತುಮಕೂರು)

ಹೇಗಿದ್ರೂ ಖರ್ಚು ಮಾಡ್ತಾರೆ. ಕಮ್ಮಿ ಮಾಡಲಿ ಅಂತ.

ಹತ್ತುಬೈಹತ್ತು (ಬೆಂಗಳೂರು)

ಎಲ್ಲ ಮುಗಿಸಿದೆವು. ಲೆಕ್ಕ ಕೊಡ್ತೀನಿ, ನಿಮಗೆ ಕೊಡಲೇಬೇಕಲ್ಲ.

ವಾರ್ಮ್ ವೈಟ್ ಸೀರಿಯಲ್ ಸೆಟ್ ಒಂದು (ಗ್ರಿಲ್ಲಿಗೆ) 140. ಯುಎಸ್‌ಬಿ ಸೆಟ್ ಒಂದು (ಬೀರುವಿಗೆ) 180. ಮ್ಯಾಗ್ನೆಟ್ 90. ನೈಟ್ ಬಲ್ಬ್, ಹೋಲ್ಡರ್, ವೈರು, ಪಿನ್ನು ಸೇರಿ 130. ಗಾಳಿಪಟದ ಕಾಗದ, ಫೆವಿಕಾಲ್, ನೂಲು 75. ಕೆಂಪು ಚೆಂಡು 60. ಒಟ್ಟು 675. ಪೊರಕೆ ರೂಮಿನಲ್ಲೇ ಇತ್ತು, ಈಗ ಅದು ತೆಳ್ಳಗಾಗಿದೆ. ರಾಗಿ ಮನೆ ಕೆಳಗಿನ ಅಜ್ಜಿ ಒಂದು ಹಿಡಿ ಕೊಟ್ಟರು. ಗೋದಲಿಯ ಬೊಂಬೆಗಳು ಊರಿನಿಂದ ಬಸ್ಸಿನಲ್ಲಿ ಬಂದವು, ಜೊತೆಗೆ ಅಮ್ಮ ನೆವ್ರಿ, ಕಿಡಿಯೊ, ರೋಸ್ ಕುಕ್ಕೀಸ್ ಎಲ್ಲ ಕಟ್ಟಿದ್ದಾರೆ.

ಬಾಯಮ್ಮಾ, ನಕ್ಷತ್ರ ಉಬ್ಬಿತು! ಐದನೇ ತುಂಡು ಕಡ್ಡಿ ಸಿಕ್ಕಿಸುವಾಗ ಮೊದಲನೆಯದು ಹಾರಿ ಹೋಗುತ್ತದೆ, ಅದಕ್ಕೆ ಇಬ್ಬರು ಬೇಕು. ಒಬ್ಬಳು ಹಿಡಿದು ಒಬ್ಬಳು ಕಟ್ಟಬೇಕು.

ಬೀರುವಿನ ಮರ ನೋಡಿ ಎಲ್ಲರೂ ಬಾಯಿ ಬಿಡ್ತಾರೆ. ಲೈಟು ಆರಿಸಿದರೆ ಮರವೇ ಇಲ್ಲ, ಬರೀ ಬೀರು. ಇಳಕಲ್ ಸೆರಗು ನನ್ನ ಮಂಚಕ್ಕೆ ಅಂತ ಮಾತಾಗಿತ್ತು, ಈಗ ರೂಮ್‌ಮೇಟ್ ತನ್ನ ಮಂಚಕ್ಕೆ ಹಾಕಿಕೊಂಡಿದ್ದಾಳೆ. ಉಳಿದ 325ರಲ್ಲಿ ಪ್ಲಮ್ ಕೇಕ್ ಬರುತ್ತದೆ.

ಒಂದೇ ತೊಂದರೆ ಅಂದರೆ ಇರುವೆ. ತಿಂಡಿ ಡಬ್ಬಿಯನ್ನು ಕಿಟಕಿ ಕಟ್ಟೆಯಲ್ಲಿ ಚಂದಕ್ಕೆ ಅಂತ ಇಟ್ಟಿದ್ದೆವು, ಗೋದಲಿಗೆ ಸಾಲುಗಟ್ಟಿ ಬಂದವು. ಡಬ್ಬಿ ಈಗ ಬೀರುವಿನ ಒಳಗೆ.

ಓನರ್ ಅಂಕಲ್ (ಬೆಂಗಳೂರು)

ಗೋಡೆಗೆ ಏನೂ ಆಗಿಲ್ಲ ತಾನೇ? ಸಂತೋಷ. ಆ ಮ್ಯಾಗ್ನೆಟ್ ಎಲ್ಲಿ ತಗೊಂಡ್ರಿ ಹೇಳಮ್ಮ, ನಮ್ಮ ಮೊಮ್ಮಗಳಿಗೂ ಬೀರು ಮರ ಬೇಕಂತೆ.

ಹತ್ತುಬೈಹತ್ತು (ಬೆಂಗಳೂರು)

ಎಸ್‌.ಪಿ. ರೋಡಿನಲ್ಲೇ ಅಂಕಲ್, ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಸಣ್ಣ ಅಂಗಡಿಗಳಿವೆಯಲ್ಲ, ಅಲ್ಲಿ. ಫ್ರಿಜ್ಜಿಗೆ ಅಂಟಿಸುವ ಬೊಂಬೆ ಮ್ಯಾಗ್ನೆಟ್ ಬೇಡ, ವೈರಿನ ಭಾರಕ್ಕೆ ಜಾರುತ್ತದೆ. ಮೊಮ್ಮಗಳು ತುಂಬಾ ಚಿಕ್ಕವಳಾದರೆ ಕೈಗೆ ಸಿಗದ ಎತ್ತರಕ್ಕೆ ಹಾಕಿ, ನುಂಗಿದರೆ ಅಪಾಯ.

ಬಳ್ಳಾರಿ ಬಿಸಿಲು (ಹಾಸ್ಟೆಲ್, ಧಾರವಾಡ)

ಅಕ್ಕಾರ, ಇದನ್ನೆಲ್ಲ ಯಾವಾಗ ಇಳಿಸೋದು? ನಮ್ಮ ವಾರ್ಡನ್ 26ಕ್ಕೇ ತೆಗೀರಿ ಅಂತಾರೆ.

ಶಿರ್ವದ ಬಾಯಮ್ಮ (ಉಡುಪಿ ಜಿಲ್ಲೆ)

ಜನವರಿ 6 ಮೂವರು ರಾಯರ (ಬಾಲಯೇಸುವನ್ನು ನೋಡಲು ಬಂದವರ) ಹಬ್ಬ, ಅಲ್ಲಿಯವರೆಗೆ ಇಡುವುದು ನಮ್ಮ ಕ್ರಮ. ವಾರ್ಡನ್ ಹತ್ತಿರ ಹೊಸ ವರ್ಷದ ನೆಪ ಹೇಳು, ಅರ್ಧ ದಾರಿ ಬಂದ ಹಾಗಾಯಿತು. ನಕ್ಷತ್ರದ ಕಾಗದ ಹರಿದರೂ ಕಡ್ಡಿ ಎಸೆಯಬೇಡಿ, ಬರುವ ವರ್ಷ ಕಾಗದ ಮಾತ್ರ ಹಾಕಿದರೆ ಸಾಕು. ರಾಗಿ ಪೈರನ್ನು ಬೀದಿಯ ದನಕ್ಕೆ ಹಾಕಿ.

ವೈರ್‌ಮನ್ (ಹಾಸನ)

ಸೀರಿಯಲ್ ಸೆಟ್ಟನ್ನು ಮುದ್ದೆ ಮಾಡಿ ಕವರಿಗೆ ತುರುಕಬೇಡಿ. ರಟ್ಟಿನ ತುಂಡಿನ ಎರಡು ಬದಿ ಸಣ್ಣ ಗೀರು ಕತ್ತರಿಸಿ, ಪಿನ್ನಿನ ಕಡೆಯನ್ನು ಕೊನೆಗೆ ಉಳಿಸಿಕೊಂಡು ಸುತ್ತಿ. ಆಗ ಮುಂದಿನ ಸಲ ಬಿಚ್ಚುವ ಮುಂಚೆಯೇ ಪಿನ್ನು ಸಿಕ್ಕಿಸಿ ಉರಿಯುತ್ತದಾ ನೋಡಬಹುದು. ಬ್ಯಾಟರಿ ಸೆಟ್ ಇದ್ದವರು ಸೆಲ್ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.